ಮಾಘದ ಕಾಡಿಗೆ ಎರಡು ದಿನದ ಪ್ರವಾಸ

ಕೇಳುಗರೆಲ್ಲರಿಗೂ ನಮಸ್ಕಾರ.

ಅಕ್ಟೋಬರ್ ಬಂತೆಂದರೆ ಸಾಕು, ಹೊರದೇಶದಲ್ಲಿರುವ ನಂಟರಿಷ್ಟರಿಂದ ಕೆಂಪು, ಕಿತ್ತಳೆ, ಹಳದಿ ಬಣ್ಣಕ್ಕೆ ತಿರುಗಿದ ಮರಗಳ ಚಿತ್ರಗಳು ನಮ್ಮ ಫೋನುಗಳಿಗೆ ಬರತೊಡಗುತ್ತವೆ. ಅವನ್ನು ನೋಡಿದವರಿಗೆ ದಸರೆಯ ರಜೆಯಲ್ಲಿ ಹತ್ತಿರದಲ್ಲೆಲ್ಲಾದರೂ ಇಂಥ ಬಣ್ಣ ಕಾಣಸಿಗಬಹುದೇ ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆ ಹೊತ್ತು ಬೆಂಗಳೂರಿನಿಂದ ಕೊಡಗಿಗೋ ಚಿಕ್ಕಮಗಳೂರಿಗೋ ಹೊರಟವರಿಗೆ ಸಿಗುವುದು ಮಳೆಯಲ್ಲಿ ತೊಯ್ದ ಹಸಿರು, ಬೆಳಗಿನ ಮಂಜು ಮತ್ತು ಘಟ್ಟದ ರಸ್ತೆಯಲ್ಲಿ ನಿಂತುಹೋದ ವಾಹನಗಳ ಸಾಲು. ಹಸಿರನ್ನು ನಾನು ಹಳಿಯುತ್ತಿಲ್ಲ. ಆದರೆ ಎಲೆಗಳ ಬಣ್ಣವನ್ನೇ ನೋಡಬೇಕೆಂದು ಹೊರಟವರು ನಮ್ಮ ಸೀಮೆಯಲ್ಲಿ ಮೂರು ತಿಂಗಳು ಮೊದಲೇ ಹೊರಟಿರುತ್ತಾರೆ, ಹಿಡಿದ ದಿಕ್ಕೂ ಬಹುಮಟ್ಟಿಗೆ ತಪ್ಪಾಗಿರುತ್ತದೆ. ಜನವರಿಯ ಕೊನೆಯಿಂದ ಮಾರ್ಚ್ ತಿಂಗಳ ನಡುವಿನವರೆಗೆ, ಒಂದು ದಿನದಲ್ಲೋ ಎರಡು ದಿನಗಳಲ್ಲೋ ಹೋಗಿಬರಬಹುದಾದ ದೂರದಲ್ಲಿ, ಬೆಂಗಳೂರಿನವರಿಗೆ ಈ ಬಣ್ಣ ಎಲ್ಲೆಲ್ಲಿ ಕಾಣುತ್ತದೆ ಎಂಬುದು ಈ ಹೊತ್ತಿನ ಮಾತು.

ಕಾರಣ ತಿಳಿದಿದ್ದರೆ ಪ್ರವಾಸದ ದಿನ ಗೊತ್ತುಮಾಡುವುದು ಸುಲಭ. ಎಲೆಯ ಹಸಿರು ಪತ್ರಹರಿತ್ತಿನಿಂದ ಬರುತ್ತದೆ. ಮರವು ಎಲೆಯನ್ನು ಕಳಚಲು ಅಣಿಯಾದಾಗ ಅದರಲ್ಲಿರುವ ಸಾರಜನಕವೇ ಮೊದಲಾದ ಪೋಷಕಾಂಶಗಳನ್ನು ರೆಂಬೆಯೊಳಕ್ಕೆ ಎಳೆದುಕೊಳ್ಳುತ್ತದೆ, ಪತ್ರಹರಿತ್ತು ಒಡೆದುಹೋಗುತ್ತದೆ, ಅದುವರೆಗೆ ಹಸಿರಿನ ಮರೆಯಲ್ಲಿದ್ದ ಕೆರೋಟಿನಾಯ್ಡ್ ಎಂಬ ಹಳದಿ ವರ್ಣಕಗಳು ಕಣ್ಣಿಗೆ ಬೀಳುತ್ತವೆ. ಕೆಂಪಿನ ಬಗೆ ಬೇರೆ. ಅದಕ್ಕೆ ಕಾರಣವಾದ ಆಂಥೋಸಯನಿನ್ ಎಲೆಯಲ್ಲಿ ಮೊದಲೇ ಅಡಗಿರುವುದಿಲ್ಲ. ಕೆಲವು ಜಾತಿಯ ಮರಗಳು ಮಾತ್ರ ಅದನ್ನು ಕೊನೆಯ ದಿನಗಳಲ್ಲಿ ಹೊಸದಾಗಿ ಮಾಡಿಕೊಳ್ಳುತ್ತವೆ. ಆದ್ದರಿಂದಲೇ ಒಂದೇ ಗುಡ್ಡದ ಮೇಲೆ ಒಂದು ಮರ ಬರೀ ಹಳದಿಯಾಗಿ ನಿಂತರೆ ಪಕ್ಕದ ಮರ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ.

ಶೀತದೇಶಗಳಲ್ಲಿ ಮರಕ್ಕೆ ಎಲೆ ಉದುರಿಸುವ ಸೂಚನೆ ಸಿಗುವುದು ಹಗಲು ಕುಗ್ಗುವುದರಿಂದ ಮತ್ತು ಚಳಿಯಿಂದ. ಶ್ರೀನಗರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿದೆ. ಹದಿಮೂರು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ ಆ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಚಳಿಯೂ ಇಲ್ಲಿ ಹೆಸರಿಗಷ್ಟೇ. ನಮ್ಮ ಮರಗಳು ಲೆಕ್ಕ ಇಡುವುದು ನೆಲದ ತೇವವನ್ನು. ಬೆಂಗಳೂರಿನ ಸುತ್ತಿನಲ್ಲಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಹಿಂಗಾರು ಮುಗಿದ ಮೇಲೂ ಡಿಸೆಂಬರ್ ತನಕ ನೆಲದಲ್ಲಿ ಹಸಿ ಉಳಿದಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಗಾಳಿ ಒಣಗಿ, ಬೇರಿಗೆ ನೀರು ಸಾಲದೆ ಬಂದಾಗ ಮರ ತನ್ನ ಖರ್ಚು ತಗ್ಗಿಸಲು ಎಲೆಯನ್ನು ಬಿಟ್ಟುಕೊಡುತ್ತದೆ. ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ ಆಶ್ವಯುಜ, ಕಾರ್ತೀಕಗಳ ಶರದೃತುವಿನಲ್ಲಿ ನಮ್ಮ ಕಾಡು ತುಂಬಿದ ಹಸಿರಾಗಿದ್ದು, ಎಲೆ ಉದುರುವುದು ಮಾಘ, ಫಾಲ್ಗುಣಗಳ ಶಿಶಿರದಲ್ಲಿ. ಆಗುಂಬೆಯಂಥ ನಿತ್ಯಹರಿದ್ವರ್ಣದ ಕಾಡಿನಲ್ಲಿ ಮರಗಳು ವರ್ಷವಿಡೀ ಒಂದಿಷ್ಟು ಹಳೆಯ ಎಲೆಯನ್ನು ಬಿಟ್ಟು ಒಂದಿಷ್ಟು ಹೊಸದನ್ನು ಪಡೆಯುತ್ತಿರುವುದರಿಂದ ಅಲ್ಲಿ ಇಡೀ ಬೆಟ್ಟ ಬಣ್ಣ ಬದಲಿಸುವ ನೋಟ ಸಿಗುವುದಿಲ್ಲ. ಅದು ಬೇಕಾದರೆ ಘಟ್ಟಕ್ಕೆ ಬೆನ್ನುಹಾಕಿ, ಮಳೆ ಕಡಿಮೆ ಬೀಳುವ ತುಮಕೂರು, ಕನಕಪುರ, ಚಾಮರಾಜನಗರದ ಕಡೆಯ ಎಲೆಯುದುರುವ ಕಾಡುಗಳಿಗೆ ಹೋಗಬೇಕು.

ಅಕ್ಟೋಬರಿನಲ್ಲೇ ನೋಡಬೇಕೆಂಬ ಹಟವಿದ್ದವರಿಗೆ ನಮ್ಮ ದೇಶದಲ್ಲಿ ಕಾಶ್ಮೀರವಿದೆ. ಜಹಾಂಗೀರನು 1619ರಲ್ಲಿ ಆರಂಭಿಸಿದ ಶಾಲಿಮಾರ್ ತೋಟ, ದಾಲ್ ಸರೋವರದ ದಂಡೆಯ ನಿಶಾತ್, ಕಾಶ್ಮೀರ ವಿಶ್ವವಿದ್ಯಾಲಯದ ಆವರಣದ ನಸೀಮ್ ಬಾಗ್ ಇವೆಲ್ಲ ಚಿನಾರ್ ಮರಗಳಿಗೆ ಹೆಸರಾದ ಜಾಗಗಳು. ಅಕ್ಟೋಬರಿನ ಕೊನೆಯ ವಾರದಿಂದ ನವೆಂಬರ್ ನಡುವಿನವರೆಗೆ ಅಲ್ಲಿಯ ಎಲೆ ಹಳದಿಯಾಗಿ, ಕಂದುಗೆಂಪಾಗಿ, ನೆಲಕ್ಕೆ ಬೀಳುತ್ತದೆ. ಆದರೆ ಅದು ಶನಿವಾರ ಹೋಗಿ ಭಾನುವಾರ ಬರುವ ಪ್ರವಾಸವಲ್ಲ. ಖರ್ಚಿನ ಮಾತಂತೂ ಬೇಡ.

ಊರು ಬಿಟ್ಟು ಹೋಗಲಾಗದವರು ಮೆಟ್ರೊ ಹತ್ತಿದರೂ ಸಾಕು. ಕಬ್ಬನ್ ಪಾರ್ಕಿನಲ್ಲೂ ಅದರ ಸುತ್ತಿನ ಹಳೆಯ ರಸ್ತೆಗಳಲ್ಲೂ ಇರುವ ಮಹೋಗನಿ ಮರಗಳು ಫೆಬ್ರವರಿಯಿಂದ ಮಾರ್ಚ್‌ವರೆಗೆ, ಒಂದೊಂದು ಒಂದೊಂದು ವಾರ, ಕಿತ್ತಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಎಲೆ ಸುರಿಸುತ್ತವೆ; ಅದರ ಬೆನ್ನಿಗೇ ನಸುಗೆಂಪು ಚಿಗುರು ಬರುವುದರಿಂದ ಮರ ಬರಿದಾಗಿ ನಿಲ್ಲುವ ದಿನಗಳು ತೀರ ಕಡಿಮೆ. ಅದೇ ಹೊತ್ತಿಗೆ ಅದರ ಗಟ್ಟಿ ಕಾಯಿಗಳು ಬಿರಿದು, ಒಂದೇ ರೆಕ್ಕೆಯ ಬೀಜಗಳು ಸುತ್ತುತ್ತ ಕೆಳಗಿಳಿಯುತ್ತವೆ. ಹೊಳೆದಾಸವಾಳದ ಎಲೆ ಉದುರುವ ಮುನ್ನ ತಾಮ್ರಗೆಂಪಾಗುತ್ತದೆ. ಬೇಸಿಗೆಯ ನೇರಿಳೆ ಹೂವಿನಿಂದ ಆ ಮರವನ್ನು ಗುರುತಿಸುವ ಅನೇಕರು ಜನವರಿಯಲ್ಲಿ ಅದರ ಕಡೆ ತಲೆಯೆತ್ತಿಯೂ ನೋಡುವುದಿಲ್ಲ.

ನಗರದೊಳಗೆ ನಿಜವಾದ ಕೆಂಪನ್ನು ನೋಡಬೇಕೆಂದರೆ ನಾಡಬಾದಾಮಿಯ ಮರಕ್ಕೆ ಸಾಟಿಯಿಲ್ಲ. ಶಾಲೆಗಳ ಅಂಗಳದಲ್ಲಿ, ಹಳೆಯ ಬಡಾವಣೆಗಳ ಕಾಂಪೌಂಡಿನ ಮೂಲೆಯಲ್ಲಿ, ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನಿಂತ ಈ ಮರವನ್ನು ಯಾರೂ ಪ್ರೇಕ್ಷಣೀಯ ಸ್ಥಳದ ಪಟ್ಟಿಗೆ ಸೇರಿಸಿದಂತಿಲ್ಲ. ಕೆಳಗೆ ಬಿದ್ದ ಒಂದು ಎಲೆಯನ್ನು ಕೈಗೆತ್ತಿಕೊಳ್ಳಿ. ಅಂಗೈಗಿಂತ ದೊಡ್ಡದಾದ, ತೊಗಲಿನಷ್ಟು ದಪ್ಪನೆಯ ಆ ಎಲೆಯ ಅಂಚಿನಲ್ಲಿ ಕಡುಗೆಂಪು, ಅದರೊಳಗೆ ಕಿತ್ತಳೆ, ನರಗಳ ಪಕ್ಕದಲ್ಲಿ ಇನ್ನೂ ಆರದ ಹಸಿರು ಒಟ್ಟಿಗೇ ಕಾಣುವುದುಂಟು. ಮರ ಎಲೆಯೊಳಗಿನ ಸಾರವನ್ನು ಎಲ್ಲಿಂದ ಎಲ್ಲಿಗೆ ಹಿಂದಕ್ಕೆ ಕರೆದುಕೊಂಡಿತು ಎಂಬುದು ಆ ಬಣ್ಣದ ಹಂಚಿಕೆಯಲ್ಲೇ ಬರೆದಿರುತ್ತದೆ. ತೊಟ್ಟಿನ ತುದಿ ಹರಿದಂತಿರುವುದಿಲ್ಲ, ಮುಚ್ಚಳ ಹಾಕಿದ ಹಾಗೆ ನುಣುಪಾಗಿರುತ್ತದೆ, ಏಕೆಂದರೆ ಎಲೆ ಬೀಳುವ ಮೊದಲೇ ಅಲ್ಲಿ ಬೆಂಡಿನ ಪದರವೊಂದು ಬೆಳೆದು ಗಾಯವನ್ನು ಮುಚ್ಚಿರುತ್ತದೆ.

ಲಾಲ್‌ಬಾಗಿನ ಬಗ್ಗೆ ಒಂದು ಮಾತು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿನ ಸಾಲುಮರಗಳನ್ನು ಯೋಜಿಸಿದರೆಂಬುದು ಪ್ರಸಿದ್ಧ. ಹೀಗೆ ಒಂದಾದ ಮೇಲೊಂದು ಅರಳಲು ಆರಿಸಿದ ಮರಗಳಲ್ಲಿ ಹಲವು ಎಲೆಯುದುರುವ ಜಾತಿಯವು. ಅವು ಹೂ ಬಿಡುವ ಮೊದಲು ಒಂದಾದ ಮೇಲೊಂದು ಎಲೆಯನ್ನೂ ಉದುರಿಸುತ್ತವೆ. ಆದ್ದರಿಂದ ಲಾಲ್‌ಬಾಗಿನಲ್ಲಿ ಬಣ್ಣದ ಒಂದೇ ದಿನವೆಂಬುದಿಲ್ಲ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಜನಜಂಗುಳಿ ಕರಗಿದ ಮೇಲೆ, ಫೆಬ್ರವರಿಯ ಯಾವುದಾದರೂ ವಾರದ ದಿನ ಬೆಳಗ್ಗೆ ಹೋಗಿ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ಆ ಬಂಡೆಯ ಮೇಲೆ ಹತ್ತಿ ನಿಂತು ಕೆರೆಯ ಕಡೆಗೆ ನೋಡಿದರೆ ಮರಗಳ ನೆತ್ತಿಗಳ ಬಣ್ಣವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಬೆಳಗ್ಗೆ ಹೋಗಿ ಸಂಜೆಗೆ ಮರಳುವವರಿಗೆ ಸಾವನದುರ್ಗ ಮತ್ತು ದೇವರಾಯನದುರ್ಗ ಎರಡೂ ಆಗಬಹುದು. ಸಾವನದುರ್ಗದಲ್ಲಿ ಬಂಡೆಯೇ ಮುಖ್ಯ, ಕಾಡು ಅದರ ಪಾದದಲ್ಲಿದೆ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ದೇವರಾಯನದುರ್ಗದಲ್ಲಿ, ನಾಮದ ಚಿಲುಮೆಯ ಕಡೆಯಿಂದ ಬೆಟ್ಟಕ್ಕೆ ಏರುವ ರಸ್ತೆಯ ಇಕ್ಕೆಲದ ಕಾಡು ಫೆಬ್ರವರಿಯಲ್ಲಿ ಒಣಹುಲ್ಲಿನ ಹೊಂಬಣ್ಣದ ಮೇಲೆ ಕಂದು, ಹಳದಿ ಹರಡಿಕೊಂಡು ನಿಂತಿರುತ್ತದೆ. ಈ ಗುಡ್ಡಗಾಡುಗಳ ಜಾಲಾರಿ ಮರ ಇದೇ ಕಾಲದಲ್ಲಿ ಕೆನೆಬಣ್ಣದ ಹೂ ಬಿಡುವುದರಿಂದ, ಅದು ಹತ್ತಿರವಿದ್ದಲ್ಲಿ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ನಂದಿಬೆಟ್ಟವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಮೋಡ ನೋಡಲು ಹೋಗುವವರಿಗೆ ಅದು ಸರಿ, ಎಲೆ ನೋಡಲು ಹೋಗುವವರಿಗೆ ಅಲ್ಲಿ ಹೆಚ್ಚೇನೂ ಇಲ್ಲ.

ಇನ್ನು ಮುತ್ತತ್ತಿ. ಕನಕಪುರ, ಸಾತನೂರು ದಾಟಿ ಕಾವೇರಿ ವನ್ಯಜೀವಿ ಧಾಮದೊಳಗೆ ಇಳಿಯುವ ಈ ದಾರಿ ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಇಲ್ಲಿಯ ವಿಶೇಷವೆಂದರೆ ಎಲೆ ಏಕೆ ಉದುರುತ್ತದೆ ಎಂಬ ಪ್ರಶ್ನೆಗೆ ಉತ್ತರ ಒಂದೇ ನೋಟದಲ್ಲಿ ಸಿಗುವುದು. ಗುಡ್ಡದ ಇಳಿಜಾರಿನ ಮರಗಳು ಫೆಬ್ರವರಿಯ ಹೊತ್ತಿಗೆ ಹಳದಿ, ಕಂದು ಬಣ್ಣವನ್ನೂ ದಾಟಿ ಅರ್ಧ ಬೋಳಾಗಿರುತ್ತವೆ. ಕೆಳಗೆ ನದಿಯ ಎರಡೂ ದಡದಲ್ಲಿ ಮಾತ್ರ ಹೊಳೆಮತ್ತಿ, ಹುಣಸೆ, ನೇರಳೆ, ಹೊಂಗೆ ಮರಗಳ ಹಸಿರು ಪಟ್ಟಿ ಬಿಡದೆ ಸಾಗುತ್ತದೆ. ಗುಡ್ಡದ ಬಿಸಿಲೂ ಗಾಳಿಯೂ ಹೊಳೆಯ ದಡದ ಬಿಸಿಲು ಗಾಳಿಗಳೂ ಒಂದೇ. ವ್ಯತ್ಯಾಸವಿರುವುದು ಬೇರಿಗೆ ಸಿಗುವ ನೀರಿನಲ್ಲಿ. ನದಿಯಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಕಡುಹಸಿರು, ತಿಳಿಹಳದಿ, ಕಂದು, ಬೂದು ಹೀಗೆ ಪಟ್ಟಿಪಟ್ಟಿಯಾಗಿ ನೆಲದ ತೇವ ಕಡಿಮೆಯಾಗುತ್ತ ಹೋಗುವುದು ಕಾಣುತ್ತದೆ.

ಮುತ್ತತ್ತಿರಾಯನ ಗುಡಿಗೆ ಬರುವ ಭಕ್ತರ ಸಂದಣಿ ವಾರದ ಕೊನೆಗೆ ಹೆಚ್ಚಿರುತ್ತದೆ, ಆದ್ದರಿಂದ ಸಾಧ್ಯವಿದ್ದವರು ಬೇರೆ ದಿನ ಆರಿಸಿಕೊಳ್ಳಲಿ. ನೀರು ಕಡಿಮೆ ಇದೆಯೆಂದು ಹೊಳೆಗೆ ಇಳಿಯುವುದು ಮಾತ್ರ ಬೇಡವೇ ಬೇಡ. ಇಲ್ಲಿಯ ಸುಳಿಗಳಿಗೂ ಬಂಡೆಗಳ ನಡುವಿನ ಮಡುಗಳಿಗೂ ಈಜು ಬಲ್ಲವರೂ ಸಿಕ್ಕಿದ್ದಾರೆ. ದಾರಿಗೆ ಆನೆಗಳು ಅಡ್ಡ ಬರುವುದುಂಟಾದ್ದರಿಂದ ಸಂಜೆಗತ್ತಲಿಗೆ ಮುಂಚೆ ಕಾಡು ದಾಟಿರಬೇಕು.

ಒಂದೇ ಒಂದು ಜಾಗಕ್ಕೆ ಹೋಗಲು ಬಿಡುವಿದೆ, ಯಾವುದು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಬಿಳಿಗಿರಿರಂಗನ ಬೆಟ್ಟದ ಹೆಸರು ಹೇಳುತ್ತೇನೆ. ಕೊಳ್ಳೇಗಾಲ, ಯಳಂದೂರಿನ ಮೇಲೆ ಹೋದರೆ ಸುಮಾರು 180 ಕಿಲೋಮೀಟರ್. ರೈಲಿನಲ್ಲಿ ಚಾಮರಾಜನಗರದವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಲೂ ಬಹುದು. ಈ ಬೆಟ್ಟದ ಸಾಲು ಬಯಲಿನಿಂದ ಎದ್ದು 1800 ಮೀಟರಿನವರೆಗೆ ಏರುತ್ತದೆ. ಯಳಂದೂರಿನ ಕಡೆಯಿಂದ ಹತ್ತುವಾಗ ಮೊದಲು ಸಿಗುವುದು ಮುಳ್ಳುಕಂಟಿಯ ಕುರುಚಲು, ಆಮೇಲೆ ಒಣ ಎಲೆಯುದುರುವ ಕಾಡು, ಇನ್ನೂ ಮೇಲೆ ತೇವದ ಕಾಡು, ಕೊನೆಗೆ ಹುಲ್ಲುಗಾವಲು ಮತ್ತು ಅದರ ಮಡಿಲಲ್ಲಿ ಹಸಿರಾಗಿಯೇ ಉಳಿಯುವ ಶೋಲಾ ಕಾಡು. ಕೆಳಗೆ ಎಲೆ ಬಿದ್ದುಹೋಗಿದ್ದರೆ ನಡುವಿನಲ್ಲಿ ಬಣ್ಣ ತುಂಬಿರುತ್ತದೆ, ನಡುವಿನಲ್ಲಿ ಮುಗಿದಿದ್ದರೆ ಮೇಲೆ ಆರಂಭವಾಗಿರುತ್ತದೆ. ದಿನ ತುಸು ಹಿಂದುಮುಂದಾದರೂ ಬರಿಗೈಯಲ್ಲಿ ಮರಳುವ ಪ್ರಸಂಗ ಬರುವುದಿಲ್ಲ ಎಂಬುದೇ ನನ್ನ ಈ ಪಕ್ಷಪಾತಕ್ಕೆ ಕಾರಣ.

ಇಲ್ಲಿ ಗುರುತಿಸಲು ಕಲಿಯಬೇಕಾದ ಮೊದಲ ಮರ ದಿಂಡಿಗ. ನುಣುಪಾದ ಬೂದುಬಿಳಿಯ ತೊಗಟೆ, ಬಾಗಿದ ತೆಳ್ಳನೆಯ ಕೊಂಬೆಗಳು, ಸಣ್ಣ ಎಲೆಗಳು. ಚಳಿಗಾಲದ ಕೊನೆಗೆ ಈ ಎಲೆಗಳು ತಾಮ್ರಗೆಂಪಾಗುತ್ತವೆ, ಒಣ ಇಳಿಜಾರುಗಳಲ್ಲಿ ಈ ಮರ ಗುಂಪುಗುಂಪಾಗಿ ಬೆಳೆಯುವುದರಿಂದ ಗುಡ್ಡದ ಒಂದು ಮಗ್ಗುಲೇ ಕೆಂಪೇರಿದಂತೆ ದೂರಕ್ಕೆ ಕಾಣುತ್ತದೆ. ಅದರ ನೆರೆಯಲ್ಲಿರುವ ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರುಕು ಬಿಟ್ಟಿರುತ್ತದೆ. ಎಲೆಯನ್ನು ತಿರುಗಿಸಿ ನೋಡಿದರೆ ತೊಟ್ಟಿನ ಹತ್ತಿರ ನಡುನರದ ಮೇಲೆ ಎರಡು ಪುಟ್ಟ ಗ್ರಂಥಿಗಳು ಎದ್ದು ಕಾಣುತ್ತವೆ. ನೆಲ್ಲಿಯ ರೀತಿ ಇನ್ನೂ ಸ್ವಾರಸ್ಯದ್ದು. ಅದು ಎಲೆಯನ್ನು ಒಂದೊಂದಾಗಿ ಉದುರಿಸುವ ಗೋಜಿಗೆ ಹೋಗದೆ ಹಳದಿಯಾದ ಎಲೆಗಳ ಸಮೇತ ಕಿರುಕಡ್ಡಿಯನ್ನೇ ಕಳಚಿಹಾಕುತ್ತದೆ, ಕಾಯಿಗಳು ಮಾತ್ರ ಬರಿ ಕೊಂಬೆಗೆ ಅಂಟಿಕೊಂಡಿರುತ್ತವೆ.

ಕಡಿದಾದ ಬಿಳಿಯ ಬಂಡೆಯ ಅಂಚಿನಲ್ಲಿರುವ ರಂಗನಾಥನ ದೇವಸ್ಥಾನದ ಹಿಂಬದಿಗೆ ನಿಂತು ಕೆಳಗೆ ನೋಡುವುದಕ್ಕೆ ಬೆಳಗಿನ ಒಂಬತ್ತರೊಳಗಿನ ಹೊತ್ತು ಇಲ್ಲವೆ ಸಂಜೆಯ ನಾಲ್ಕರ ಮೇಲಿನ ಹೊತ್ತು ಒಳ್ಳೆಯದು. ನೆತ್ತಿಯ ಬಿಸಿಲಿನಲ್ಲಿ ಎಲ್ಲ ಬಣ್ಣವೂ ಮಂಕಾಗಿ, ಕಾಡು ಬರೀ ಒಣಗಿದಂತೆ ಕಾಣುತ್ತದೆ; ಬಿಸಿಲು ಓರೆಯಾಗಿ ಎಲೆಯೊಳಗಿಂದ ಹಾಯ್ದು ಬಂದಾಗಲೇ ಕೆಂಪು, ಹಳದಿಗಳು ಹೊಳೆಯುವುದು.

ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರು ಹಿಂದೆ ವರ್ಷದ ಆರಂಭದಲ್ಲಿ, ಎಲೆ ಬೀಳಲು ತೊಡಗಿದ ದಿನಗಳಲ್ಲೇ, ನೆಲದ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದು ಕರೆಯುವ ಇದು ತೆಳುವಾದ ಎಲೆಹಾಸನ್ನಷ್ಟೇ ಸುಟ್ಟು ಬೇಗ ಆರುತ್ತಿತ್ತು. 1974ರಲ್ಲಿ ಇಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಆ ಪದ್ಧತಿ ನಿಂತುಹೋಯಿತು. ಅದು ನಿಂತದ್ದರಿಂದಲೇ ಲಂಟಾನ ಕಂಟಿ ಕಾಡನ್ನೆಲ್ಲ ತುಂಬಿಕೊಂಡಿತು, ಈಗ ಬೆಂಕಿ ಬಿದ್ದರೆ ಅದು ಮರದ ನೆತ್ತಿಗೇ ಏರುತ್ತದೆ ಎಂದು ಸೋಲಿಗರ ಹಿರಿಯರು ವಾದಿಸುತ್ತಾರೆ. 2011ರಲ್ಲಿ ಈ ಪ್ರದೇಶ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯ ಹಕ್ಕುಗಳೂ ದೊರೆತವು. ಪ್ರವಾಸಿಗರಾದ ನಾವು ಕಾಡಿನಂಚಿನಲ್ಲಿ ಅಡುಗೆಗೆಂದೋ ಮೋಜಿಗೆಂದೋ ಹೊತ್ತಿಸುವ ಬೆಂಕಿಗೂ ಈ ತಿಳಿದವರ ಬೆಂಕಿಗೂ ಸಂಬಂಧವಿಲ್ಲ. ಫೆಬ್ರವರಿಯ ತರಗೆಲೆಗೆ ಒಂದು ಬೀಡಿಯ ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದನ್ನು ಕೇಳುಗರು ಮರೆತಿರಲಾರರು. ಬೆಂಕಿಯ ಭಯವಿರುವ ಈ ತಿಂಗಳುಗಳಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಆದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಂಡು, ರಸ್ತೆಯಿಂದಲೂ ದೇವಸ್ಥಾನದಿಂದಲೂ ಸಫಾರಿಯ ವಾಹನದಿಂದಲೂ ಕಾಣುವಷ್ಟನ್ನು ನೋಡಿ ಬರುವ ಲೆಕ್ಕದಲ್ಲಿ ಹೋಗುವುದು ಮೇಲು.

ಬಂಡೀಪುರದ ಬಣ್ಣ ಸ್ವಲ್ಪ ಬೇಗ, ಡಿಸೆಂಬರಿನ ಕೊನೆಯಿಂದ ಜನವರಿಯಲ್ಲಿ ಬರುತ್ತದೆ, ಏಕೆಂದರೆ ಅಲ್ಲಿ ತೇಗ ಹೆಚ್ಚು. ತೇಗದ ಎಲೆ ಚಿನಾರಿನಂತೆ ಚೆಂದವಾಗಿ ಕೆಂಪಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಹಳದಿಯಾಗಿ, ಕಂದಾಗಿ, ಬಿದ್ದ ಮೇಲೆ ಕಾಲಿಟ್ಟಲ್ಲೆಲ್ಲ ಸದ್ದು ಮಾಡುತ್ತದೆ. ಆದರೆ ಒಂದು ಜಾತಿಯ ಹುಳು ತಿರುಳನ್ನೆಲ್ಲ ತಿಂದು ನರಗಳ ಬಲೆಯನ್ನಷ್ಟೇ ಬಿಟ್ಟ ತೇಗದೆಲೆಯನ್ನು ಬೆಳಕಿಗೆ ಹಿಡಿದು ನೋಡುವುದೂ ಒಂದು ಸುಖವೇ. ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ರಕ್ತದಂಥ ಕೆಂಪು ಬಣ್ಣ ಹತ್ತುತ್ತದೆ. ಆದರೆ ಈ ಪ್ರಯೋಗವನ್ನು ಹುಲಿಕಾಡಿನಲ್ಲಿ ಮಾಡಬೇಕಾಗಿಲ್ಲ, ಊರಬದಿಯ ತೇಗದ ಗಿಡವೇ ಸಾಕು. ಸಫಾರಿಯ ಚೀಟಿ ಸಿಗದವರು ಬೇಸರಪಡಬೇಕಾಗಿಲ್ಲ. ಹಗಲಿನಲ್ಲಿ ಊಟಿಗೆ ಹೋಗುವ ಸಾರಿಗೆ ಬಸ್ಸಿನ ಕಿಟಕಿಯ ಪಕ್ಕ ಕುಳಿತರೆ ಎಲೆಯ ಮಟ್ಟಿಗೆ ಅಷ್ಟೇ ಕಾಡು ಕಾಣುತ್ತದೆ. ಸ್ವಂತ ವಾಹನದವರು ಕಾಡಿನ ನಡುವೆ ನಿಲ್ಲಿಸಿ ಕೆಳಗಿಳಿಯುವಂತಿಲ್ಲ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಆ ರಸ್ತೆಯಲ್ಲಿ ಸಾಮಾನ್ಯ ಸಂಚಾರವೂ ಇಲ್ಲ. ಪಕ್ಕದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಹೋಗಬೇಕು. 1454 ಮೀಟರ್ ಎತ್ತರದ ಆ ಬೆಟ್ಟದ ಮೇಲಿನಿಂದ ಬಂಡೀಪುರದ ಕಾಡು ಹರಡಿಕೊಂಡಿರುವ ರೀತಿ ಚೆನ್ನಾಗಿ ಕಾಣುತ್ತದೆ.

ಶೀತದೇಶಗಳ ಎಲೆಬಣ್ಣಕ್ಕೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ಮಾರ್ಚ್ ತಿಂಗಳಲ್ಲಿ. ಅಲ್ಲಿ ಎಲೆ ಬಿದ್ದ ಮೇಲೆ ತಿಂಗಳುಗಟ್ಟಲೆ ಹಿಮ. ಇಲ್ಲಿ ಹಳೆಯ ಎಲೆ ಇನ್ನೂ ನೆಲದ ಮೇಲಿರುವಾಗಲೇ, ಮಳೆಯ ಒಂದು ಹನಿಯೂ ಬೀಳದೆ, ಬಿಸಿಲು ಏರುತ್ತಿರುವಾಗಲೇ, ಆಳದ ಬೇರಿನ ನೀರನ್ನೂ ಕಾಂಡದಲ್ಲಿ ಕೂಡಿಟ್ಟದ್ದನ್ನೂ ನೆಚ್ಚಿ ಮರಗಳು ಚಿಗುರುತ್ತವೆ, ಆ ಚಿಗುರಿನ ಕೆಂಪು ಎಷ್ಟೋ ವೇಳೆ ಉದುರುವ ಎಲೆಯ ಕೆಂಪನ್ನು ಮೀರಿಸುತ್ತದೆ. ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲ. ಅದು ತುಂಬುವ ತನಕ ಆಂಥೋಸಯನಿನ್ ಉರಿಬಿಸಿಲಿನಿಂದ ಎಲೆಯನ್ನು ಕಾಯುತ್ತದೆ, ಹುಳುಗಳನ್ನು ದೂರವಿಡಲೂ ನೆರವಾಗುತ್ತದೆಂದು ಸಸ್ಯಶಾಸ್ತ್ರಜ್ಞರು ಭಾವಿಸುತ್ತಾರೆ. ಅರಳಿ ಮತ್ತು ಮಾವಿನಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ಕಾಡಿನಲ್ಲಿ ಈ ಬಣ್ಣಕ್ಕೆ ಹೆಸರಾದದ್ದು ಸಾಗಡೆ ಮರ. ಬಿಳಿಗಿರಿಯ ಕಾಡಿನಲ್ಲೂ ಇರುವ ಈ ಮರ ಮಾರ್ಚ್‌ನಲ್ಲಿ ಅಡಿಯಿಂದ ಮುಡಿಯವರೆಗೆ ಕಡುಗೆಂಪು ಚಿಗುರು ಹೊದ್ದು ನಿಂತಾಗ ದೂರದಿಂದ ನೋಡಿದವರು ಹೂವೆಂದೇ ತಿಳಿಯುತ್ತಾರೆ. ಎಲೆಯೇ ಇಲ್ಲದ ಮುತ್ತುಗ ಮತ್ತು ಬೂರುಗದ ಮರಗಳು ನಿಜವಾಗಿಯೂ ಹೂ ಬಿಟ್ಟಿರುವುದೂ ಇದೇ ಸುಮಾರಿಗೆ.

ಹೊರಡುವವರಿಗೆ ಎರಡು ಸಣ್ಣ ಸೂಚನೆಗಳು. ಒಣ ತರಗಿನಲ್ಲಿ ಈ ತಿಂಗಳುಗಳಲ್ಲಿ ಉಣುಗು ಹೆಚ್ಚು. ಉದ್ದನೆಯ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡು ನಡೆಯಬೇಕು, ಎಲೆಹಾಸಿನ ಮೇಲೆ ಕೂರಬಾರದು, ತಂಗುವಲ್ಲಿಗೆ ಮರಳಿದ ಮೇಲೆ ಮೈಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ನೀರು ಸಾಕಷ್ಟಿರಲಿ, ಖಾಲಿ ಬಾಟಲಿ ನಿಮ್ಮೊಡನೆಯೇ ಮರಳಿ ಬರಲಿ.

ಇದನ್ನೆಲ್ಲ ಮಾಡಲು ಕಾಲಾವಕಾಶ ಹೆಚ್ಚಿಲ್ಲ. ಉಗಾದಿ ಕಳೆದು ಮೊದಲ ಗುಡುಗುಮಳೆ ಬಿದ್ದ ಹತ್ತಾರು ದಿನಗಳಲ್ಲಿ ಚಿಗುರೆಲ್ಲ ಬಲಿತು ಕಾಡು ಮತ್ತೆ ಹಸಿರಾಗಿಬಿಡುತ್ತದೆ. ಅಷ್ಟರೊಳಗೆ ಹೊರಡಲಾಗದವರಿಗೆ ಜುಲೈ, ಆಗಸ್ಟ್ ಸುಮಾರಿಗೆ ಮತ್ತೊಮ್ಮೆ ಕೆಂಪಾಗುವ ನಗರದ ಕೆಲವು ಬಾದಾಮಿ ಮರಗಳಿವೆ; ಬಿಳಿಗಿರಿ, ಮುತ್ತತ್ತಿಗಳ ಪ್ರವಾಸವನ್ನು ಮಾತ್ರ ಮುಂದಿನ ಜನವರಿಗೇ ಇಟ್ಟುಕೊಳ್ಳಬೇಕಾಗುತ್ತದೆ. ನಮಸ್ಕಾರ.